ತೊಟ್ಟಿಯ ನೀರು ಕೆಂಪಾದ ದಿನ

ಕಿಬ್ಬನಹಳ್ಳಿ ಹತ್ತಿರದ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ನನ್ನನ್ನು ಸೂಪರ್‌ವೈಸರ್ ಮಾಡಿದಾಗ ನನಗೆ ಇಪ್ಪತ್ತಮೂರು ವರ್ಷ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿ.ಕಾಂ. ಓದಿದ್ದೇನೆ ಎಂಬುದೊಂದೇ ನನ್ನ ಅರ್ಹತೆ. ನನ್ನ ಕೈಕೆಳಗೆ ನಲವತ್ತು ಹೆಂಗಸರು. ಕರಟ ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು, ಬಿಳಿ ಹೋಳುಗಳನ್ನು ನೀರಿನ ತೊಟ್ಟಿಗೆ ಹಾಕುವುದು ಅವರ ಕೆಲಸ. ಬಹಳಷ್ಟು ಜನ ನನ್ನ ತಾಯಿಯ ವಯಸ್ಸಿನವರು. ದಿನಾ ಬೆಳಿಗ್ಗೆ ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಹತ್ತುವಾಗಲೇ ಅವರನ್ನು ಎದುರಿಸುವುದು ಹೇಗೆಂದು ಹೆದರುತ್ತಿದ್ದೆ. ಶೆಡ್ಡಿನೊಳಗೆ ಕಾಲಿಟ್ಟರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಬೆನ್ನು ತಿರುಗಿಸಿದರೆ ನಗು ಕೇಳುತ್ತಿತ್ತು.

ಎರಡು ವಾರ ನೋಡಿದ ಯಜಮಾನರು ನನ್ನನ್ನು ಕರೆಸಿದರು.

"ನೋಡಮ್ಮ, ನೀನಿಂಗೆ ಮೆತ್ತಗಿದ್ರೆ ತಲೆ ಮೇಲೆ ಕೂತ್ಕತ್ತಾರೆ. ಒಬ್ಬರನ್ನ ಹೆದ್ರುಸು, ಮಿಕ್ಕೋರು ತಾವೇ ಸರಿ ಹೋಯ್ತಾರೆ."

ಮಾರನೆಯ ದಿನ ಒಬ್ಬಾಕೆ ನೀರು ಕುಡಿಯಲು ಎರಡನೇ ಸಲ ಎದ್ದಳು. ನಾನು ಎಲ್ಲರೆದುರು ಕಿರುಚಿದೆ. "ಇವತ್ತು ನಿನಗೆ ಕೆಲ್ಸ ಇಲ್ಲ, ಮನೆಗೆ ಹೋಗು." ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಕೆ ಚಾಕು ಒರೆಸಿಟ್ಟು ಹೊರಟುಹೋದಳು. ಗೆದ್ದೆ ಅಂದುಕೊಳ್ಳಲು ನೋಡಿದೆ. ಬಸ್ಸಿನ ಸೀಟಿನಲ್ಲಿ ಕೂತ ಮೇಲೂ ಆಕೆ ಒರೆಸಿಟ್ಟ ಚಾಕುವೇ ಕಣ್ಣ ಮುಂದಿತ್ತು.

ಅದರ ಮರುದಿನ ಆಕೆ ಕೆಲಸಕ್ಕೆ ಬಂದಿದ್ದಳು, ಆದರೆ ಶೆಡ್ಡಿನಲ್ಲಿ ಒಂದು ಮಾತಿಲ್ಲ, ನಗುವಿಲ್ಲ. ಚಾಕುಗಳ ಸದ್ದಷ್ಟೇ. ಹನ್ನೊಂದು ಗಂಟೆಯ ಹೊತ್ತಿಗೆ ತೊಟ್ಟಿಯ ಬಳಿ ಹೋದವಳು ಅಲ್ಲೇ ನಿಂತುಬಿಟ್ಟೆ. ನೀರು ತೆಳುವಾಗಿ ಕೆಂಪಗಿತ್ತು.

"ಯಾರ ರಕ್ತ ಇದು?" ಎಂದೆ. ಮತ್ತೆ ಕೇಳಿದೆ. ನಲವತ್ತು ತಲೆಗಳು ಕೆಳಗೇ ಇದ್ದವು. ಸಾಲಿನ ಕೊನೆಯಲ್ಲಿದ್ದ ಹಿರಿಯಾಕೆಯ ಮುಖ ಬಿಳಿಚಿಕೊಂಡಿತ್ತು. ಎಡಗೈಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬಿಚ್ಚಿದರೆ ಹೆಬ್ಬೆರಳು ಆಳವಾಗಿ ಸೀಳಿತ್ತು.

"ಯಾಕಮ್ಮಾ ಹೇಳಲಿಲ್ಲ?"

"ನೆನ್ನೆ ಅವ್ಳುನ್ನ ಕಳ್ಸುಬುಟ್ರಲ್ಲ ಮೇಡಂ. ನನ್ನೂ ಕಳುಸ್ತೀರೇನೋ ಅಂತ ಸುಮ್ಕಿದ್ದೆ."

ಇಷ್ಟು ದಿನ ನಾನು ಅವರಿಗೆ ಹೆದರಿದ್ದೆ. ಈಗ ಒಬ್ಬ ಹೆಂಗಸು ನನಗೆ ಹೆದರಿ, ನಾನು ಬರುವವರೆಗೂ ರಕ್ತ ಸುರಿಯುವ ಕೈಯಲ್ಲೇ ಕಾಯಿ ಹೆರೆದಿದ್ದಳು.

ಅಷ್ಟರಲ್ಲಿ ಇನ್ನೊಂದು ಭಯ ಹೊಳೆಯಿತು. ಆ ತೊಟ್ಟಿಯ ಹೋಳು ಆಗಲೇ ತುರಿಯಾಗಿ, ಒಣಗಿಸುವ ಡ್ರೈಯರ್‌ಗೆ ಹೋಗುತ್ತಿತ್ತು. ಓಡಿದೆ. ಯಂತ್ರ ನಡೆಸುವವನು ಮುಖ ಗಂಟಿಕ್ಕಿದ. "ಯಜಮಾನ್ರು ಹೇಳ್ದೆ ನಾನ್ ನಿಲ್ಸಲ್ಲ ಕಣ್ರೀ."

ಕಿರುಚಲು ಬಾಯಿ ತೆರೆದವಳು ತಡೆದುಕೊಂಡೆ. "ಅಣ್ಣಾ, ತೊಟ್ಟಿಗೆ ರಕ್ತ ಬಿದ್ದಿದೆ. ತಪ್ಪು ನಂದೇ. ನನಗೆ ತುಂಬಾ ಹೆದರಿಕೆ ಆಗ್ತಿದೆ" ಎಂದೆ. ಆತ ಒಂದು ಕ್ಷಣ ನನ್ನ ಮುಖ ನೋಡಿ ಸ್ವಿಚ್ ಒತ್ತಿ ಯಂತ್ರ ನಿಲ್ಲಿಸಿದ.

ಆಕೆಯನ್ನು ಸಾಮಾನಿನ ಆಟೋದಲ್ಲಿ ಕೂರಿಸಿಕೊಂಡು ತಿಪಟೂರಿನ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಬೆರಳು ಹೋದರೆ ಏನು ಗತಿ ಎಂದು ಅಳುತ್ತಿದ್ದೆ. ಆಕೆಯೇ ನನಗೆ ಸಮಾಧಾನ ಹೇಳಿದಳು: "ಬುಡಿ ಮೇಡಂ, ಅಳಬ್ಯಾಡಿ." ಹೊಲಿಗೆ ಹಾಕಿದರು. ಬೆರಳು ಉಳಿಯಿತು, ತುದಿ ಮಾತ್ರ ಮರಗಟ್ಟಿತು.

ಸಂಜೆ ಯಜಮಾನರ ಎದುರು ನಿಂತು ನಡೆದದ್ದೆಲ್ಲ ಹೇಳಿದೆ. ಅವರು "ಆ ಮಾಲೆಲ್ಲ ಗುಂಡಿಗೆ ಹಾಕ್ಸು" ಎಂದಷ್ಟೇ ಹೇಳಿ ಎದ್ದುಹೋದರು. ಕೆಲಸ ಉಳಿಯಿತೋ ಹೋಯಿತೋ ತಿಳಿಯದೆ ಎರಡು ದಿನ ಕಳೆದೆ. ಮೂರನೇ ದಿನವೂ ಯಾರೂ ಹೋಗು ಅನ್ನಲಿಲ್ಲ.

ನೀರು ಕುಡಿಯಲು ಎದ್ದಳೆಂದು ಮನೆಗೆ ಕಳಿಸಿದ್ದವಳ ಕ್ಷಮೆಯನ್ನು ಎಲ್ಲರೆದುರೇ ಕೇಳಿದೆ. "ಆಯ್ತು ಬುಡಿ" ಎಂದಳು. ನಾನಿದ್ದ ಆರು ವರ್ಷಗಳಲ್ಲಿ ಆಕೆ ಒಮ್ಮೆಯೂ ನನ್ನ ಮುಖ ನೋಡಿ ನಗಲಿಲ್ಲ.

ಅಂದಿನಿಂದ ಬೈಯುವುದಿದ್ದರೆ ಪಕ್ಕಕ್ಕೆ ಕರೆದು ಹೇಳುತ್ತಿದ್ದೆ. ಬೆಳಿಗ್ಗೆ ಸಾಲಿನುದ್ದಕ್ಕೂ ನಡೆದು ಎಲ್ಲರ ಕೈ ನೋಡುತ್ತಿದ್ದೆ. ಮೊದಮೊದಲು ಅವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಸ್ಸು ಹತ್ತುವಾಗಿನ ಹೆದರಿಕೆ ನನಗೂ ನಿಂತಿರಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಶೆಡ್ಡಿನ ಮೂಲೆಯಿಂದ ಯಾರೋ ಕೂಗಿದರು: "ಮೇಡಂ, ಬೇಗ ಬನ್ನಿ, ಕುಯ್ಕಂಡೆ!" ಔಷಧಿ ಡಬ್ಬಿ ಹಿಡಿದು ಓಡಿದೆ. ಸಣ್ಣ ಗಾಯ. ಬಟ್ಟೆ ಕಟ್ಟುವಾಗ ನನ್ನ ಕೈ ಎಷ್ಟು ನಡುಗಿತೆಂದರೆ, ಗಂಟನ್ನು ಪಕ್ಕದಾಕೆ ಹಾಕಬೇಕಾಯಿತು.