ಅಂಬುಜಾಕ್ಷಿ ನಡೆಸಿದ ಕರ್ನಲ್

ನಮ್ಮ ಅಂಬುಜಾಕ್ಷಿ ಐದಡಿಯೂ ಇಲ್ಲದ ಹೆಂಗಸು. ಮೈಸೂರಿನಲ್ಲಿ ಓದಿ, ವಾಷಿಂಗ್ಟನ್ ಪಕ್ಕದ ಒಂದು ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರಾಗಿದ್ದಳು. ಸೀರೆಯ ಮೇಲೆ ಬಿಳಿ ಕೋಟು ಕಂಡು ರೋಗಿಗಳು ಆಯಾ ಎಂದುಕೊಂಡು ಕಾಫಿ ಕೇಳುತ್ತಿದ್ದರು. ತಂದುಕೊಟ್ಟು, ಆಮೇಲೆ ಎದೆಗೆ ಸ್ಟೆತಸ್ಕೋಪ್ ಇಡುತ್ತಿದ್ದಳು.

೧೯೭೮ರಲ್ಲಿ ಅವಳ ಬಳಿ ಬಂದವನು ಕರ್ನಲ್ ಮೊರಾಂತೆ. ದಕ್ಷಿಣ ಅಮೆರಿಕದ ಒಂದು ದೇಶದಲ್ಲಿ ಠಾಣೆಯ ಗುಮಾಸ್ತನಾಗಿದ್ದು, ಮೇಲಧಿಕಾರಿಗಳ ಮೇಲೆಯೇ ಚಾಡಿ ಹೇಳುತ್ತ ಮೇಲೇರಿದ ಆಸಾಮಿ. ಕೊನೆಗೆ ಗುಪ್ತ ಪೊಲೀಸರ ಮುಖ್ಯಸ್ಥನಾದ. ಅವನ ಜೀಪು ಬೀದಿಗೆ ಬಂದರೆ ಜನ ಕದ ಹಾಕಿಕೊಳ್ಳುತ್ತಿದ್ದರಂತೆ. ದೇಶ ಆಳುತ್ತ ಇವನನ್ನು ಸಾಕಿದ್ದ ಜನರಲ್‌ಗೇ ಇವನ ಭಯ ಹತ್ತಿ, ಓಡಿಸಿದ. ಕರ್ನಲ್ ಅಮೆರಿಕಕ್ಕೆ ಬಂದು, ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ ಈಜುಕೊಳದ ಮನೆ ಮಾಡಿ ಕೂತ. ಅವನ ಪೊಲೀಸರ ಕೈಗೆ ಸಿಕ್ಕಿ ಕಾಣೆಯಾದವರ ಮನೆಯವರು ಇಲ್ಲಿಯ ಕೋರ್ಟಿಗೆ ಹೋದಾಗ, ಅವನಿಗೆ ಇದ್ದಕ್ಕಿದ್ದಂತೆ ಹೃದ್ರೋಗ ಬಂತು. ಸಾಕ್ಷಿ ಹೇಳುವಷ್ಟು ಶಕ್ತಿಯಿಲ್ಲ ಎಂದು ಡಾಕ್ಟರು ಹೇಳಿದರೆ ಪಾರು.

ಹಾಗೆಂದೇ ಬರೆದುಬಿಡು ಎಂದು ಆಸ್ಪತ್ರೆಯ ದೊಡ್ಡ ಡಾಕ್ಟರು ಅಂಬುಜಾಕ್ಷಿಗೆ ಸೂಚಿಸಿದರು. ಅಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡ್ ಅವಳಿಗೆ ಇನ್ನೂ ಬಂದಿರಲಿಲ್ಲ; ಕೆಲಸ ಹೋದರೆ ಅದಕ್ಕೂ ಕುತ್ತು. ಗಂಡ ವೆಂಕಟಾಚಲ ಬೆವತುಹೋದ.

"ಸುಮ್ನೆ ಸೈನ್ ಮಾಡಿಬಿಡೇ. ನಮಗ್ಯಾಕೆ ಊರಿನವರ ಉಸಾಬರಿ?"

"ಟೆಸ್ಟ್ ಮಾಡ್ತೀನಿ. ಏನು ಬರತ್ತೋ ಅದನ್ನೇ ಬರೀತೀನಿ," ಎಂದಳು.

ಓಡುವ ಪಟ್ಟಿಯ ಮೇಲೆ ನಡೆಸಿ ಹೃದಯ ಪರೀಕ್ಷಿಸುವ ಟ್ರೆಡ್‌ಮಿಲ್ ಕೋಣೆಯಲ್ಲಿ ಅವಳ ಸಹಾಯಕಿ ಲುಸಿಯಾ ಇದ್ದಳು. ಕರ್ನಲ್‌ನ ದೇಶದವಳೇ. ತಮ್ಮನನ್ನು ಅವನ ಜನ ಮನೆಯಿಂದ ಎಳೆದೊಯ್ದಿದ್ದರು. ಬದುಕಿದ್ದಾನೋ ಇಲ್ಲವೋ ಎಂಬುದೂ ತಿಳಿಯದೆ, ರಾತ್ರಿ ಎಲ್ಲಾದರೂ ಬಂದಾನು ಎಂದು ತಾಯಿ ಬಾಗಿಲಿಗೆ ಚಿಲಕ ಹಾಕದೆಯೇ ಮಲಗುತ್ತಿದ್ದಳು.

ಬೇಗ ಕುಸಿದು ಕೂತುಬಿಡು ಎಂದು ಕರ್ನಲ್‌ಗೆ ವಕೀಲ ಹೇಳಿಕೊಟ್ಟಿದ್ದನಂತೆ. ಆದರೆ ಅವನು ಸ್ವಲ್ಪ ನಡೆಯುತ್ತಲೇ ಲುಸಿಯಾ ಕುರ್ಚಿ ಎಳೆದಿಟ್ಟು, ತಮ್ಮಿಬ್ಬರ ದೇಶದ ಭಾಷೆಯಲ್ಲೇ ಕೇಳಿದಳು: "ಸುಸ್ತಾಯಿತೇ, ಕರ್ನಲ್? ಕೂತುಕೊಳ್ಳಿ."

ಅವನಿಗೆ ಮೈಯೆಲ್ಲ ಉರಿಯಿತು. ಒಬ್ಬ ಆಯಾ, ಒಬ್ಬ ಕುಳ್ಳಿ, ಇಬ್ಬರೂ ತನ್ನ ಏದುಸಿರು ನೋಡುವುದೇ? ಪಟ್ಟಿಯ ವೇಗ ಇನ್ನೂ ಜೋರು ಮಾಡಿ ಎಂದ. ನಿಲ್ಲಿಸಲೇ ಎಂದು ಅಂಬುಜಾಕ್ಷಿ ಮತ್ತೆ ಮತ್ತೆ ಕೇಳಿದಳು. ಬೇಡ ಎಂದ. ಎದೆ ಸೆಟೆಸಿಕೊಂಡು ಕೊನೆಯವರೆಗೂ ನಡೆದ ಮಹಾನುಭಾವ. ಇಸಿಜಿಯಲ್ಲಿ ಒಂದು ತಪ್ಪಿಲ್ಲ. ನನಗಂತೂ ಇದನ್ನು ಕೇಳಿ ಹೊಟ್ಟೆ ತುಂಬ ನಗು ಬಂತು.

ಹೃದಯ ಗಟ್ಟಿಯಾಗಿದೆ, ಸಾಕ್ಷಿ ಹೇಳಬಹುದು ಎಂದು ಅವಳು ಬರೆದಳು. ದೊಡ್ಡ ಡಾಕ್ಟರು ತಿದ್ದು ಎಂದರು. ತಿದ್ದಲಿಲ್ಲ.

ಕೋರ್ಟಿನಲ್ಲಿ ಕರ್ನಲ್ ತಪ್ಪನ್ನೆಲ್ಲ ಜನರಲ್ ತಲೆಗೆ ಕಟ್ಟಿದ. ಕಟ್ಟುವ ಭರದಲ್ಲಿ ಹೆಣಗಳನ್ನು ಎಲ್ಲಿ ಹೂತರು ಎಂಬುದನ್ನೂ ಹೇಳಿದ. ಹೂತವರಲ್ಲಿ ಲುಸಿಯಾಳ ತಮ್ಮನ ಹೆಸರೂ ಬಂತು.

ಆ ವರ್ಷ ಆಸ್ಪತ್ರೆಯವರು ಅಂಬುಜಾಕ್ಷಿಯ ಕೆಲಸ ಮುಂದುವರಿಸಲಿಲ್ಲ. ಗಂಡ ಹೆಂಡತಿ ಕ್ಯಾರೊಲೈನಾದ ಒಂದು ಸಣ್ಣ ಊರಿಗೆ ಹೊರಟರು. ಡಬ್ಬಗಳನ್ನು ಕಾರಿಗೆ ತುಂಬುತ್ತ ವೆಂಕಟಾಚಲ, ಇಷ್ಟೆಲ್ಲ ಮಾಡಿ ನಿನಗೇನು ಸಿಕ್ಕಿತು ಎಂದು ಗೊಣಗಿದ.

"ನನಗೆ ಏನೂ ಸಿಗ್ಲಿಲ್ಲ ರೀ," ಎಂದಳು. "ಲುಸಿಯಾ ಅಮ್ಮ ನಿನ್ನೆ ರಾತ್ರಿ ಬಾಗಿಲಿಗೆ ಚಿಲಕ ಹಾಕಿದ್ರಂತೆ. ಹಾಕಿ, ಜೋರಾಗಿ ಅತ್ರಂತೆ."