ನ್ಯೂವೆಗೈನ್‌ನ ಕಾಗೆ

ಡಚ್ ಊರಾದ ನ್ಯೂವೆಗೈನ್‌ನಲ್ಲಿ ನಾನು ಇಳಿದುಕೊಂಡಿರುವ ಗೆಳೆಯ ಶ್ರೀಧರನ ಮನೆಯಲ್ಲಿ ಇಂದು ಅವನ ಅಪ್ಪನ ತಿಥಿ. ಹಿತ್ತಲ ಮೋಟುಗೋಡೆಯ ಮೇಲೆ ಪಿಂಡವಿಟ್ಟು, ಕಾಗೆ ಮುಟ್ಟುವವರೆಗೆ ಊಟವಿಲ್ಲವೆಂದು ಚಳಿಯಲ್ಲಿ ನಿಂತಿದ್ದೆವು. ಕಾಗೆಯೇನೋ ಇತ್ತು, ಪಕ್ಕದ ಮನೆಯ ಹಿತ್ತಲಲ್ಲಿ. ಚಳಿಗಾಲದಲ್ಲಿ ಹಕ್ಕಿಗಳಿಗೆಂದು ಇಲ್ಲಿಯವರು ತೂಗುಹಾಕುವ ದನದ ಕೊಬ್ಬಿನ ಉಂಡೆಗೆ ಜೋತುಬಿದ್ದು ಕುಕ್ಕುತ್ತಿತ್ತು.

"ಅಪ್ಪಾ, ಬನ್ನಿ ಅಪ್ಪಾ. ಎಳ್ಳು, ತುಪ್ಪ ಎಲ್ಲಾ ಹಾಕಿದೀವಿ," ಎಂದು ಶ್ರೀಧರ ಅಂಗಲಾಚಿದ. ಕಾಗೆ ತಿರುಗಿಯೂ ನೋಡಲಿಲ್ಲ.

ಕನಿಕರಪಟ್ಟ ಪಕ್ಕದ ಮನೆಯ ಅಜ್ಜಿ ಒಂದು ಕೊಬ್ಬಿನ ಉಂಡೆ ತಂದು ನಮ್ಮ ಪಿಂಡದ ಪಕ್ಕದಲ್ಲೇ ಇಟ್ಟರು. ಕಾಗೆ ತಕ್ಷಣ ಹಾರಿಬಂದು, ಪಿಂಡವನ್ನು ತುಳಿದುಕೊಂಡೇ ಆ ಉಂಡೆಗೆ ಬಾಯಿ ಹಾಕಿತು.

ಶ್ರೀಧರನ ಮುಖ ಸಣ್ಣದಾಯಿತು.

"ಕಾಗೆ ಪಿಂಡ ಮುಟ್ಟಿತಲ್ಲ, ಬನ್ರೀ ಊಟಕ್ಕೆ," ಎಂದಳು ಅವನ ಹೆಂಡತಿ ಸುಧಾ. "ಮಾವ ಭಾನುವಾರ ವಾಕಿಂಗ್ ಅಂತ ಎಲ್ಲಿಗೆ ಹೋಗ್ತಿದ್ರು ಅಂತ ಈಗ ಗೊತ್ತಾಯ್ತು."