ಅತ್ತೆ ಕಾದ ಚೌಡಿಬನ

ಆಶಾ ಕಾರ್ಯಕರ್ತೆ ನಿನ್ನೆ ಕೊಟ್ಟು ಹೋದ ಎಣ್ಣೆ ಬಾಟಲಿಯ ಮುಚ್ಚಳ ತೆಗೆದೆ. ಉಣುಗು ಕಚ್ಚದಿರಲೆಂದು ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅತ್ತೆ ಕಣ್ಣ ಮುಂದೆ ಬಂದು ನಿಂತರು... ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಎಂದಿನಂತೆ ನನ್ನ ಮೇಲೆ ರೇಗುತ್ತಾ.

ಹೊಸನಗರದಿಂದ ಹುಲಿಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಇಲ್ಲಿನ ಚೌಡಿಬನ, ಚೌಡಿ ದೇವಿಗೆ ಬಿಟ್ಟ ಕಾಡು, ಮೊದಲು ಅಕೇಶಿಯಾ ತೋಪಾಯಿತು, ಅದನ್ನೂ ಕಡಿದ ಮೇಲೆ ಬೋಳು ಗುಡ್ಡವಾಯಿತು. ಅಲ್ಲಿ ಮತ್ತೆ ಕಾಡು ಬರಬೇಕೆಂದು ಹಟ ಹಿಡಿದವರು ಅತ್ತೆ. ನೇರಳೆ, ರಂಜ, ಹೆಬ್ಬಲಸು... ಮಂಗಗಳು ತಿನ್ನುವ ಹಣ್ಣಿನ ಮರಗಳನ್ನೇ ಆರಿಸಿದರು. ಕಾಡಲ್ಲಿ ಹಣ್ಣಿದ್ದರೆ ಮಂಗ ಗದ್ದೆಗೆ ಯಾಕೆ ಬರುತ್ತದೆ ಎಂಬುದು ಅವರ ಲೆಕ್ಕ. ಮಳೆಗಾಲದಲ್ಲಿ ಊರಿಗೆ ಊರೇ ಗುಂಡಿ ತೋಡಿತು. ನಾನೂ ಬೈಸಿಕೊಳ್ಳುತ್ತಲೇ ತೋಡಿದೆ.

ಗಿಡ ಸೊಂಟದೆತ್ತರ ಬಂದ ವರ್ಷ, ಬೇಸಿಗೆಯ ಮೊದಲಲ್ಲೇ ಹಳ್ಳದ ಬದಿ ಒಂದು ಮಂಗ ಸತ್ತು ಬಿತ್ತು. ಆಮೇಲೆ ಇನ್ನೊಂದು. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಕಚ್ಚಿದರೆ ಬರುವ ಜ್ವರ, ಆ ಮಂಗನ ಕಾಯಿಲೆ, ಎಂಥದ್ದೆಂದು ನಮಗೆ ಯಾರೂ ಹೇಳಬೇಕಿರಲಿಲ್ಲ. ಊರು ಬನದ ಕಡೆ ತಲೆ ಹಾಕುವುದನ್ನೇ ಬಿಟ್ಟಿತು. ಗಿಡಗಳ ಸುತ್ತ ಹುಲ್ಲು ಒಣಗಿ ನಿಂತಿತ್ತು. ಅದನ್ನು ಸವರಿ, ಬೆಂಕಿ ದಾಟದಂತೆ ಬೆಂಕಿಗೆರೆ ಮಾಡದಿದ್ದರೆ ಯಾರೋ ಎಸೆದ ಒಂದು ಬೀಡಿಗೆ ಎಲ್ಲವೂ ಬೂದಿ.

"ಯಾರೂ ಬರ್ಬೇಡ್ರಿ. ನಾನೊಬ್ಳೇ ಸವರಿ ಬರ್ತೀನಿ," ಎಂದರು ಅತ್ತೆ.

"ಎಣ್ಣೆನಾದ್ರೂ ಹಚ್ಕಳಿ," ಎಂದೆ.

"ಹಚ್ಕಂಡೀನಿ ಮಾರಾಯ್ತಿ, ವಾಸ್ನೆ ಬರ್ತಿಲ್ವಾ ನಿಂಗೆ?"

ಹಚ್ಚಿಕೊಂಡದ್ದು ನಿಜವೇ. ಆದರೆ ಹಳ್ಳ ದಾಟುವಾಗ ಕೈಕಾಲು ಉಜ್ಜಿ ತೊಳೆದುಕೊಂಡೇ ಬನಕ್ಕೆ ಹತ್ತುತ್ತಿದ್ದರಂತೆ. ಚೌಡಿಯ ಜಾಗಕ್ಕೆ ಅಂಥ ಕೆಟ್ಟ ವಾಸನೆ ಹೊತ್ತು ಹೋಗಬಾರದಂತೆ! ಇದನ್ನು ಅವರು ಹೇಳಿದ್ದು ಜ್ವರ ಏರಿ ಮಲಗಿದ ಮೇಲೆ. ನನಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಸಾಗರದ ಆಸ್ಪತ್ರೆಗೆ ಹೋದ ಅತ್ತೆ ತಿರುಗಿ ಬರಲಿಲ್ಲ. ಗಿಡ ಒಂದೂ ಸುಡಲಿಲ್ಲ...

ಈಗ ಬನದಲ್ಲಿ ಮಟಮಟ ಮಧ್ಯಾಹ್ನವೂ ನೆರಳು. ಅತ್ತೆಯ ಲೆಕ್ಕದಂತೆಯೇ ಮಂಗಗಳು ಬಂದು ಸೇರಿವೆ. ಮೊನ್ನೆಯಿಂದ ಅವುಗಳ ಗಲಾಟೆ ಕೇಳಿಸುತ್ತಿಲ್ಲ. ನಿನ್ನೆ ಬೆಳಿಗ್ಗೆ, ಅತ್ತೆ ಕೈಯಾರೆ ನೆಟ್ಟ ಹೆಬ್ಬಲಸಿನ ಬುಡದಲ್ಲಿ ಒಂದು ಸತ್ತು ಬಿದ್ದಿತ್ತು. ಎಣ್ಣೆ ಬಂದದ್ದು ಅದಕ್ಕೇ.

ಈ ವರ್ಷದ ಬೆಂಕಿಗೆರೆ ಇನ್ನೂ ಆಗಿಲ್ಲ. ಊರಿನವರು ಯಾರೂ ಬರುವುದಿಲ್ಲ, ನನಗೆ ಗೊತ್ತು. ಕೈಕಾಲಿಗೆ ದಪ್ಪಗೆ ಎಣ್ಣೆ ಬಳಿದುಕೊಂಡೆ. ಹಳ್ಳದಲ್ಲಿ ತೊಳೆಯುವವಳಲ್ಲ ನಾನು; ಚೌಡಿ ಬೇಕಾದರೆ ಮೂಗು ಮುಚ್ಚಿಕೊಳ್ಳಲಿ. ಅತ್ತೆ ಇದ್ದಿದ್ದರೆ ಈ ಮಾತಿಗೆ ಬೆನ್ನಿಗೊಂದು ಗುದ್ದುತ್ತಿದ್ದರು. ಕತ್ತಿ ತೆಗೆದುಕೊಂಡು ಅಂಗಳಕ್ಕಿಳಿದೆ. ಬನದ ಕಡೆಯಿಂದ ಒಂದು ಸದ್ದೂ ಇಲ್ಲ.